ಕನಸು ಬೀಳುತ್ತದೆ, ನೆನಪಿನಲ್ಲಿ ನಿಲ್ಲುವುದಿಲ್ಲ ಅಷ್ಟೆ

‘ನನಗೆ ಕನಸೇ ಬೀಳೋದಿಲ್ಲ’ ಎನ್ನುವವರನ್ನು ನಿದ್ರಾ ಪ್ರಯೋಗಾಲಯದಲ್ಲಿ ಮಲಗಿಸಿ, ಮುಚ್ಚಿದ ರೆಪ್ಪೆಯಡಿ ಕಣ್ಣುಗುಡ್ಡೆ ಸರಸರ ಓಡಾಡುವ ಹೊತ್ತಿಗೆ ಎಬ್ಬಿಸಿದರೆ, ಹೆಚ್ಚಿನವರು ಒಂದಲ್ಲ ಒಂದು ಕನಸು ಹೇಳುತ್ತಾರೆ. ಅಂದರೆ ಎಡವಟ್ಟು ಇರುವುದು ಕನಸಿನಲ್ಲಲ್ಲ, ನಾವು ಏಳುವ ಪರಿಯಲ್ಲಿ.

ಕಣ್ಣಿನ ಈ ಓಡಾಟವನ್ನು 1953ರಲ್ಲಿ ವರದಿ ಮಾಡಿದವರು ಶಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್. ನಿದ್ದೆಯ ಆ ಹಂತಕ್ಕೆ ರೆಮ್ (REM, ಅಂದರೆ ಕಣ್ಣಿನ ಚುರುಕು ಚಲನೆಯ) ನಿದ್ರೆ ಎಂದು ಹೆಸರು. ಅದರ ನಡುವೆ ಎಬ್ಬಿಸಿದರೆ ಸುಮಾರು ಶೇ 80ರಷ್ಟು ಸಲ ಕನಸು ಸಿಗುತ್ತದೆ. ಉಳಿದ ಹಂತಗಳಲ್ಲೂ ಕನಸು ಉಂಟು, ಆದರೆ ಸಾಮಾನ್ಯವಾಗಿ ಚಿಕ್ಕವು, ಕಥೆಗಿಂತ ಯೋಚನೆಗೆ ಹತ್ತಿರದವು. ರೆಮ್ ಎಂದರೆ ಕನಸು, ಕನಸೆಂದರೆ ರೆಮ್ ಎಂಬ ಹಳೇ ಲೆಕ್ಕ ಈಗ ನಡೆಯುವುದಿಲ್ಲ.

ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ. ಮೊದಲ ಸುತ್ತಿನ ರೆಮ್ ಕೆಲವೇ ನಿಮಿಷ. ಬೆಳಗಿನ ಜಾವದ ಸುತ್ತುಗಳಲ್ಲಿ ಅದು ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು. ರಾತ್ರಿ 11ಕ್ಕೆ ಮಲಗಿ 6.30ಕ್ಕೆ ಏಳುವವರ ಕನಸಿನ ಬೆಳೆ ಹೆಚ್ಚಾಗಿ 3.30ರ ನಂತರದ್ದು. ಅಂಥವರು 4.30ಕ್ಕೇ ಎದ್ದರೆ ಹೋದದ್ದು ನಿದ್ದೆಯ ಕಾಲು ಭಾಗ ಅನ್ನಿಸುತ್ತದೆ. ರೆಮ್ ಲೆಕ್ಕದಲ್ಲಿ ನಷ್ಟ ಅದಕ್ಕಿಂತ ಬಹಳ ದೊಡ್ಡದು. ಕನಸು ನೆನಪಿರಬೇಕೆನ್ನುವವರು ಮೊದಲು ಮಾಡಬೇಕಾದ್ದು ಇಷ್ಟೇ: ಪೂರ್ತಿ ನಿದ್ದೆ ಮಾಡಿ. ಉಳಿದ ಉಪಾಯಗಳೆಲ್ಲ ಆಮೇಲಿನವು.

ಮರೆವು ಅಷ್ಟು ಬೇಗ ಯಾಕೆ? ರೆಮ್ ವೇಳೆಯಲ್ಲಿ ಮಿದುಳಿನಲ್ಲಿ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕದ ಬಿಡುಗಡೆ ಹೆಚ್ಚುಕಡಿಮೆ ನಿಂತೇಹೋಗಿರುತ್ತದೆ. ಅನುಭವವನ್ನು ನೆನಪಾಗಿ ಗಟ್ಟಿ ಮಾಡುವುದರಲ್ಲಿ ಅದರ ಪಾಲು ದೊಡ್ಡದು. ಹೀಗಾಗಿ ಕನಸು ಅಲ್ಪಾವಧಿಯ ನೆನಪಿನಲ್ಲಷ್ಟೇ ತೇಲುತ್ತಿರುತ್ತದೆ. ಅದನ್ನು ದಡ ಸೇರಿಸಲು ತುಸು ಎಚ್ಚರ ಬೇಕು. ಫ್ರಾನ್ಸಿನ ಲಿಯೋನ್‌ನಲ್ಲಿ ಪೆರಿನ್ ರೂಬಿ ಅವರ ತಂಡ ಗಮನಿಸಿದ್ದು ಇದನ್ನೇ: ಕನಸು ಚೆನ್ನಾಗಿ ನೆನಪಿಡುವವರು ರಾತ್ರಿಯಲ್ಲಿ ಒಟ್ಟು 30 ನಿಮಿಷದಷ್ಟು ಎಚ್ಚರವಾಗಿದ್ದರೆ, ನೆನಪಿಡದವರು 15 ನಿಮಿಷದಷ್ಟು. ಕನಸು ನೆನಪಿಲ್ಲವೆಂದರೆ ನಿಮ್ಮದು ಗಡದ್ದು ನಿದ್ದೆ ಇರಬಹುದು. ಕೊರಗುವಂಥದ್ದೇನೂ ಅಲ್ಲ.

ಆದರೂ ಬೇಕು ಅನ್ನುವವರು ಕೆಲಸ ಹಿಂದಿನ ರಾತ್ರಿಯೇ ಶುರು ಮಾಡಬೇಕು. ಕೈಗೆಟಕುವಲ್ಲಿ ನೋಟ್‌ಬುಕ್, ಪೆನ್ಸಿಲ್, ಮಂದ ದೀಪ. ಮೊಬೈಲ್ ಬೇಡ, ಒಂದು ನೋಟಿಫಿಕೇಶನ್ ಕಣ್ಣಿಗೆ ಬಿದ್ದರೆ ಕನಸು ಹೋಯಿತೆಂದೇ ಲೆಕ್ಕ. ದನಿ ರೆಕಾರ್ಡ್ ಮಾಡಬಹುದು, ಆದರೆ ಮಂಪರಿನಲ್ಲಿ ಗೊಣಗಿದ್ದು ಬೆಳಗ್ಗೆ ನಿಮಗೇ ಅರ್ಥವಾಗದಿರಬಹುದು. ಅಬ್ಬರದ ಅಲಾರಾಂ ಕೂಡ ಗಮನವನ್ನೆಲ್ಲ ತನ್ನತ್ತ ಎಳೆಯುತ್ತದೆ. ರಜೆಯ ದಿನ ತಾನಾಗಿ ಎಚ್ಚರವಾಗುವುದೇ ಒಳ್ಳೆಯದು.

ಎಚ್ಚರವಾದಾಗ ಮಿಸುಕಾಡಬೇಡಿ, ಕಣ್ಣೂ ತೆರೆಯಬೇಡಿ. ಒಂದೆರಡು ನಿಮಿಷ ಹಾಗೇ ಇದ್ದು ಕೊನೆಯ ಚಿತ್ರವನ್ನು ಹಿಡಿಯಿರಿ. ‘ಬಾಗಿಲು ತಳ್ಳುತ್ತಿದ್ದೆ’ ಎಂಬುದಷ್ಟೇ ಸಿಕ್ಕಿತೆನ್ನಿ. ಅದಕ್ಕೆ ಮುಂಚೆ? ಮೆಟ್ಟಿಲು. ಕಾಲಲ್ಲಿ ಏನಿತ್ತು? ಒದ್ದೆ ಚಪ್ಪಲಿ. ಹೀಗೆ ಹಿಂದಕ್ಕೆ ಎಳೆಯುತ್ತಾ ಹೋಗಬೇಕು, ಆರಂಭದಿಂದ ಹುಡುಕಿದರೆ ಸಿಗುವುದಿಲ್ಲ. ಏನೂ ಸಿಗದಿದ್ದರೆ ಮೆಲ್ಲಗೆ ಇನ್ನೊಂದು ಮಗ್ಗುಲಿಗೆ ಹೊರಳಿ ನೋಡಿ. ಆಗಲೂ ಇಲ್ಲವೆಂದರೆ ಮನಸ್ಸಿನಲ್ಲಿ ಉಳಿದ ಭಾವ ಯಾವುದು, ಗಾಬರಿಯೋ ನಾಚಿಕೆಯೋ, ಅದನ್ನೇ ಬರೆದಿಡಿ.

ಬರೆಯುವಾಗ ಮೊದಲು ಪದಗಳು, ಆಮೇಲೆ ವಾಕ್ಯ. ‘ಬಾಗಿಲು, ಮೆಟ್ಟಿಲು, ಒದ್ದೆ ಚಪ್ಪಲಿ, ಲೆಕ್ಕದ ಪರೀಕ್ಷೆ, ರೈಲು.’ ಮೊದಲ ವಾಕ್ಯ ಅಂದವಾಗಿ ಕಟ್ಟುತ್ತ ಕೂತರೆ ಅಷ್ಟರಲ್ಲಿ ಉಳಿದ ನಾಲ್ಕು ಕರಗಿರುತ್ತವೆ. ಎಲ್ಲರೂ ಮಾಡುವ ಇನ್ನೊಂದು ತಪ್ಪು ಹೊಲಿಗೆ ಹಾಕುವುದು. ಕನಸಿನಲ್ಲಿ ಮೆಟ್ಟಿಲೇ ರೈಲಾಗಿರುತ್ತದೆ. ಎಚ್ಚರದ ಬುದ್ಧಿ ಅದನ್ನು ಒಪ್ಪದೆ ‘ಮೆಟ್ಟಿಲಿಳಿದು ರೈಲು ಹತ್ತಿದೆ’ ಎಂದು ತಿದ್ದಿಬಿಡುತ್ತದೆ. ತಿದ್ದಬೇಡಿ. ‘ಮೆಟ್ಟಿಲು ರೈಲಾಯಿತು’ ಎಂದೇ ಬರೆಯಿರಿ. ಅರ್ಥ ಹುಡುಕುವ ಕೆಲಸವನ್ನೂ ಆಗ ಇಟ್ಟುಕೊಳ್ಳಬೇಡಿ, ಅರ್ಥಕ್ಕೆ ಹೊಂದದ ವಿವರಗಳೇ ಮೊದಲು ಉದುರುವುದು.

ರಾತ್ರಿ ನಡುವೆ ಬೇಕೆಂದೇ ಏಳುವವರು ಮಲಗಿದ ಹೊತ್ತಿನಿಂದ ಎಣಿಸಿ ನಾಲ್ಕೂವರೆ ಅಥವಾ ಆರು ತಾಸಿನ ನಂತರಕ್ಕೆ ಅಲಾರಾಂ ಇಡುತ್ತಾರೆ. ಸುತ್ತು ಎಲ್ಲರಿಗೂ ಕರಾರುವಾಕ್ಕಾಗಿ 90 ನಿಮಿಷವೇ ಇರುವುದಿಲ್ಲ, ಗುರಿ ತಪ್ಪುವುದುಂಟು. ವಾರಕ್ಕೆ ಒಂದೆರಡು ರಾತ್ರಿ ಸಾಕು. ದಿನಾ ಮಾಡಿದರೆ ಕನಸಿಗಿಂತ ಹಗಲ ತೂಕಡಿಕೆಯೇ ಹೆಚ್ಚಾಗುತ್ತದೆ.

ಮದ್ಯ ಕುಡಿದರೆ ಅದು ರಾತ್ರಿಯ ಮೊದಲರ್ಧದ ರೆಮ್ ಅನ್ನು ಅದುಮುತ್ತದೆ. ಅಮಲು ಇಳಿದ ಮೇಲೆ ರೆಮ್ ಮರುಕಳಿಸಿ ನಸುಕಿನಲ್ಲಿ ವಿಪರೀತ ಕನಸು ಬೀಳಬಹುದು. ಖಿನ್ನತೆಯ ಹಲವು ಮಾತ್ರೆಗಳೂ ರೆಮ್ ತಗ್ಗಿಸುತ್ತವೆ, ಹಾಗಂತ ಕನಸಿಗಾಗಿ ಮಾತ್ರೆ ಬಿಡುವ ಹುಚ್ಚು ಬೇಡ.

ರೆಮ್ ನಿದ್ರೆಯಲ್ಲಿ ಮೈಯ ಬಹುತೇಕ ಸ್ನಾಯುಗಳು ಸಡಿಲವಾಗಿ ಬಿದ್ದಿರುತ್ತವೆ, ಆದ್ದರಿಂದಲೇ ಕನಸಿನಲ್ಲಿ ಓಡಿದರೂ ಹಾಸಿಗೆಯಲ್ಲಿ ಕಾಲು ಓಡುವುದಿಲ್ಲ. ಈ ತಡೆ ಕೆಟ್ಟಾಗ ಮನುಷ್ಯ ಕನಸಿನ ಜಗಳವನ್ನು ನಿಜಕ್ಕೂ ಆಡುತ್ತಾನೆ: ಗುದ್ದು, ಒದೆ, ಕೂಗು. ಐವತ್ತು ದಾಟಿದವರಲ್ಲಿ ಇದು ಪದೇ ಪದೇ ಕಂಡರೆ ನರರೋಗ ತಜ್ಞರಿಗೆ ತೋರಿಸಬೇಕು, ಏಕೆಂದರೆ ಪಾರ್ಕಿನ್ಸನ್‌ನಂಥ ಕಾಯಿಲೆಗಳಿಗೆ ವರ್ಷಗಟ್ಟಲೆ ಮೊದಲೇ ಇದು ಕಾಣಿಸಿಕೊಳ್ಳುವುದುಂಟು. ಪಕ್ಕದಲ್ಲಿ ಮಲಗುವವರನ್ನೂ ಜೊತೆಗೆ ಕರೆದೊಯ್ಯಿರಿ. ರಾತ್ರಿ ಏನಾಯಿತೆಂದು ಹೇಳಬಲ್ಲವರು ಅವರೇ.