ಮೋಟಾರು ಗುಂಯ್ ಅಂದರೆ ಬೇರಿಂಗ್ ಮೇಲೆ ಯಾಕೆ ಹೋಗ್ತೀರಿ?

ಮೋಟಾರು ಸದ್ದು ಮಾಡಿದರೆ ನಮ್ಮ ಕಡೆ ಎಲ್ಲರೂ ಹೇಳುವುದು ಒಂದೇ ಮಾತು, "ಬೇರಿಂಗ್ ಹೋಗ್ಯಾವ". ಹುಬ್ಬಳ್ಳಿಯಲ್ಲಿ ಮೋಟಾರು ರಿಪೇರಿ ಮಾಡುವ ನನಗೆ ಇದನ್ನು ಕೇಳಿ ಕೇಳಿ ಸಾಕಾಗಿದೆ. ಎಷ್ಟೋ ಸಲ ಬೇರಿಂಗ್ ಚೆನ್ನಾಗೇ ಇರುತ್ತದೆ.

ದುಡ್ಡು ಹಾಕುವ ಮೊದಲು ಬೆಲ್ಟ್ ಬಿಚ್ಚಿ ಮೋಟಾರು ಓಡಿಸಿ. ಪೂರ್ತಿ ಸ್ಪೀಡಿಗೆ ಬಂದ ಮೇಲೆ ಆಫ್ ಮಾಡಿ, ಸುಮ್ನೆ ನಿಂತು ಕೇಳಿ. ಕರೆಂಟ್ ಹೋದ ಕೂಡಲೇ ಸದ್ದು ನಿಂತು ಶಾಫ್ಟ್ ಮಾತ್ರ ತನ್ನ ಪಾಡಿಗೆ ತಿರುಗುತ್ತಿದ್ದರೆ ಅದು ಕರೆಂಟಿನ ಸದ್ದು. ಸ್ಪೀಡ್ ಇಳಿದ ಹಾಗೆ ಸದ್ದೂ ಇಳಿದರೆ, ಆಗ ಬೇರಿಂಗ್, ಫ್ಯಾನು, ಬ್ಯಾಲೆನ್ಸ್ ನೋಡಿ.

ಕರೆಂಟಿಗೆಲ್ಲಿಯ ಸದ್ದು ಅಂತೀರಾ? ವೈಂಡಿಂಗಿನಲ್ಲಿ, ಅಂದರೆ ಒಳಗಿನ ತಂತಿ ಸುತ್ತಿನಲ್ಲಿ, ಕರೆಂಟ್ ಹರಿದಾಗ ಸ್ಟೇಟರು (ತಿರುಗದ ಹೊರಭಾಗ), ರೋಟರು (ಒಳಗೆ ತಿರುಗುವ ಭಾಗ) ಒಂದನ್ನೊಂದು ಎಳೆಯುತ್ತವೆ. ಸಣ್ಣ ಮೋಟಾರಿನಲ್ಲಿ ಇವೆರಡರ ನಡುವಿನ ಗ್ಯಾಪ್ ಅರ್ಧ ಮಿಲಿಮೀಟರ್ ಆಸುಪಾಸು, ಅಷ್ಟೇ. ಅಯಸ್ಕಾಂತದ ನಾರ್ತ್ ಆದರೂ ಸೌತ್ ಆದರೂ ಕಬ್ಬಿಣವನ್ನು ಎಳೆಯುತ್ತದೆಯೇ ಹೊರತು ತಳ್ಳುವುದಿಲ್ಲ, ಅಲ್ವಾ? 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 50 ಸಲ ನಾರ್ತ್, 50 ಸಲ ಸೌತ್ ಆಗುತ್ತದೆ, ಅದಕ್ಕೇ ಎಳೆತ ಸೆಕೆಂಡಿಗೆ 100 ಸಲ. ಆ ಎಳೆತಕ್ಕೆ ಸ್ಟೇಟರ್ ಕೋರ್ ಕಣ್ಣಿಗೆ ಕಾಣದಷ್ಟು ಅದುರುತ್ತದೆ, ಬಾಡಿ ಆ ಅದುರನ್ನು ಗಾಳಿಗೆ ಕೊಡುತ್ತದೆ. ಇದು ಒಳ್ಳೇ ಮೋಟಾರಿನಲ್ಲೂ ಸ್ವಲ್ಪ ಇದ್ದೇ ಇರುತ್ತದೆ. ಜಾಸ್ತಿಯಾದಾಗ ಮಾತ್ರ ಕಾರಣ ಹುಡುಕಬೇಕು.

ಬ್ಯಾಡಗಿಯ ಒಂದು ಖಾರದ ಗಿರಣಿಯಲ್ಲಿ 10 ಎಚ್‌ಪಿ ಮೋಟಾರು. "ಬೇರಿಂಗ್ ಹೊಸಾವು ಹಾಕ್ಸೀನ್ರಿ, ಆದ್ರೂ ಗುಂಯ್ ಅಂತೈತ್ರಿ" ಅಂದರು ಮಾಲೀಕರು. ಖಾರದ ಘಾಟಿಗೆ ಸೀನುತ್ತಲೇ ಆಫ್ ಮಾಡಿದೆ, ಸದ್ದು ಕತ್ತರಿಸಿದ ಹಾಗೆ ನಿಂತಿತು. ಲೋಡ್ ಹಾಕಿ, ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಹಿಡಿದರೆ ಎರಡು ಫೇಸಿನಲ್ಲಿ 15, 16 ಆಂಪಿಯರ್, ಮೂರನೆಯದರಲ್ಲಿ 9. ಸ್ಟಾರ್ಟರ್ ತೆಗೆದು ನೋಡಿದರೆ ಒಂದು ಕಾಂಟ್ಯಾಕ್ಟ್ ಸುಟ್ಟು ಕರ್ರಗಾಗಿತ್ತು, ಆ ಫೇಸಿಗೆ ವೋಲ್ಟೇಜ್ ಕಡಿಮೆ ಬರುತ್ತಿತ್ತು. ವೋಲ್ಟೇಜಿನ ಸಣ್ಣ ಏರುಪೇರೂ ಕರೆಂಟಿನಲ್ಲಿ ಹಲವು ಪಟ್ಟಾಗಿ ಕಾಣುತ್ತದೆ, ಎಳೆತ ಒಂದೇ ಸಮ ಇರದೆ ಮೋಟಾರು ಗುರುಗುಟ್ಟುತ್ತದೆ. ಕಾಂಟ್ಯಾಕ್ಟ್ ಬದಲಿಸಿದೆ, ಸದ್ದು ಹೋಯಿತು. ಹಾಗೇ ಓಡಿಸಿದ್ದರೆ ವೈಂಡಿಂಗೇ ಸುಡುತ್ತಿತ್ತು.

ಇನ್ನು ಜೋರಾಗಿ ತಿರುಗುವ ಕೆಲವು 2 ಪೋಲ್ ಮೋಟಾರುಗಳು ವೂಂ... ವೂಂ... ಅಂತ ಏರಿ ಇಳಿಯುತ್ತವೆ. ನಿಮಿಷಕ್ಕೆ 2940 ಸುತ್ತು ಅಂದರೆ ಸೆಕೆಂಡಿಗೆ 49. ಅಲೈನ್‌ಮೆಂಟ್ ಸರಿಯಿಲ್ಲದಿದ್ದರೆ, ಅಂದರೆ ಮೋಟಾರಿನ ಶಾಫ್ಟು, ಅದು ತಿರುಗಿಸುವ ಯಂತ್ರದ ಶಾಫ್ಟು ಒಂದೇ ಸಾಲಿನಲ್ಲಿ ಇಲ್ಲದಿದ್ದರೆ, ಸುತ್ತಿಗೆ ಎರಡು ಸಲ, ಅಂದರೆ ಸೆಕೆಂಡಿಗೆ 98 ಸಲ ಅದುರುತ್ತದೆ. ಕರೆಂಟಿನ ಅದುರು 100. ಎರಡೂ ಸೇರಿದಾಗ ಅವುಗಳ ವ್ಯತ್ಯಾಸದಷ್ಟು, ಅಂದರೆ ಸೆಕೆಂಡಿಗೆ ಎರಡು ಸಲ ಸದ್ದು ಏರಿ ಇಳಿಯುತ್ತದೆ. ಇಂಥ ಕಡೆ ಮೋಟಾರಿನ ಕಾಲುಗಳನ್ನೂ ನೋಡಿ. ಒಂದು ಕಾಲು ಬೆಡ್ಡಿಗೆ ಸರಿಯಾಗಿ ಕೂರದೆ ಇದ್ದಾಗ ಬೋಲ್ಟ್ ಬಿಗಿದರೆ ಬಾಡಿಯೇ ತಿರುಚಿಕೊಂಡು, ಒಳಗಿನ ಗ್ಯಾಪ್ ಒಂದು ಕಡೆ ಕಡಿಮೆಯಾಗುತ್ತದೆ. ಮೋಟಾರು ನಿಲ್ಲಿಸಿ, ಆ ಕಾಲಿನ ಬೋಲ್ಟ್ ಸಡಿಲಿಸಿ, ಸಂದು ಅಳೆಯುವ ಫೀಲರ್ ಗೇಜ್ ತೂರಿಸಿ ನೋಡಿ, ಸಂದು ಇದ್ದರೆ ಶಿಮ್ (ತೆಳು ತಗಡು) ಹಾಕಿ.

ವಿಎಫ್‌ಡಿ, ಅಂದರೆ ಸ್ಪೀಡ್ ಹೆಚ್ಚು ಕಡಿಮೆ ಮಾಡುವ ಡ್ರೈವ್, ಹಾಕಿದ ಮೋಟಾರಿನ ಸಿಳ್ಳೆ ಬೇರೆ ಕಥೆ. ಅದು ಡ್ರೈವ್ ಸ್ವಿಚಿಂಗ್ ಮಾಡುವ ಸದ್ದು, ಸಾಮಾನ್ಯವಾಗಿ 2ರಿಂದ 4 ಕಿಲೋಹರ್ಟ್ಸ್. ಕ್ಯಾರಿಯರ್ ಫ್ರೀಕ್ವೆನ್ಸಿ, ಅಂದರೆ ಆ ಸ್ವಿಚಿಂಗಿನ ವೇಗ, ಏರಿಸಿದರೆ ಕಡಿಮೆಯಾಗುತ್ತದೆ, ಆದರೆ ಡ್ರೈವ್ ಜಾಸ್ತಿ ಬಿಸಿಯಾಗುತ್ತದೆ. ಗದಗಿನ ಏಪ್ರಿಲ್ ಬಿಸಿಲು, ಮೇಲೆ ತಗಡಿನ ಶೆಡ್ಡು. ಅಂಥಲ್ಲಿ ಸಿಳ್ಳೆ ಇದ್ದರೆ ಇರಲಿ ಬಿಡಿ ಅಂತಲೇ ನಾನು ಹೇಳುವುದು.