ಉಪ್ಪಿಲ್ಲದ ಕಡಲು

ಕಾರು ನಿಲ್ಲಿಸಿದ್ದೇ ತಡ, ಅಪ್ಪ ಚಪ್ಪಲಿ ಬಿಟ್ಟು ನೇರ ನೀರಿಗೆ ಹೋದರು. ಬಗ್ಗಿ ಎರಡು ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡರು. "ಎಂತ ಮಾರಾಯ, ಉಪ್ಪೇ ಇಲ್ಲ!" ಮಿಷಿಗನ್ ಸರೋವರದ್ದು ಸಿಹಿನೀರು ಅಂತ ದಾರಿಯಲ್ಲೇ ಹೇಳಿದ್ದೆ. ಆದರೆ ಆಚೆ ದಡ ಕಾಣದ ನೀರು, ಬಡಿಯುವ ತೆರೆ, ಕಾಲಡಿ ಹೊಯ್ಗೆ ನೋಡಿದ ಮೇಲೆ ಮರವಂತೆ ಕಡಲ ಪಕ್ಕದಲ್ಲೇ ಎಪ್ಪತ್ತು ವರ್ಷ ಕಳೆದವರು ಬಾಯಿಗೆ ಹಾಕಿ ನೋಡದೆ ನಂಬುವುದು ಹೇಗೆ?

ಶಿಕಾಗೊದಿಂದ ಸುಮಾರು ಒಂದು ಗಂಟೆ ದೂರದ ಇಂಡಿಯಾನಾ ಡ್ಯೂನ್ಸ್ ಸ್ಟೇಟ್ ಪಾರ್ಕ್‌ಗೆ ಜುಲೈ ತಿಂಗಳ ಒಂದು ಶನಿವಾರ ಹೋಗಿದ್ದೆವು. ಅಪ್ಪ, ಅಮ್ಮ, ನಾನು, ಹೆಂಡತಿ, ಎಂಟು ವರ್ಷದ ಮಗಳು. ಗೇಟಿನಲ್ಲಿ ಹೊರರಾಜ್ಯದ ಕಾರಿಗೆ ಸ್ವಲ್ಪ ಜಾಸ್ತಿ ದುಡ್ಡು. ಬೆಳಿಗ್ಗೆ ಬೇಗ ಹೋಗಿದ್ದರಿಂದ ಜಾಗ ಸಿಕ್ಕಿತು.

ಕಾರವಾರದಿಂದ ಮಂಗಳೂರಿನವರೆಗೆ ನಮ್ಮ ಕರಾವಳಿ ಸುಮಾರು 320 ಕಿಲೋಮೀಟರ್. ಈ ಸರೋವರದ ಉದ್ದ 490 ಕಿಲೋಮೀಟರಿಗೂ ಜಾಸ್ತಿ. ಇದನ್ನು ಕೇಳಿದಾಗ ಅಮ್ಮ "ಹಾಗಾದ್ರೆ ಇದನ್ನ ಕೆರೆ ಅನ್ಬೇಡಿ" ಅಂದರು. ಅಪ್ಪ ಒಪ್ಪಲಿಲ್ಲ. ಮೊಮ್ಮಗಳನ್ನು ನೀರಿಗೆ ಬಿಡುವ ಮೊದಲು ಹತ್ತು ನಿಮಿಷ ಸುಮ್ನೆ ನಿಂತು ತೆರೆ ನೋಡಿದರು, ಊರಲ್ಲೂ ಹಾಗೇ ಮಾಡುತ್ತಾರೆ. ಇಲ್ಲಿ ತೆರೆ ಹತ್ತಿರ ಹತ್ತಿರ ಬರುತ್ತದೆ, ಒಂದು ಒಡೆದು ಉಸಿರು ತಗೊಳ್ಳೋಕೆ ಮುಂಚೆ ಇನ್ನೊಂದು, ಅಂದರು. ನಿಜ. ಗಾಳಿಗೆ ಓಡೋಕೆ ಸಮುದ್ರದಷ್ಟು ಜಾಗ ಇಲ್ಲದಿದ್ದರೆ ತೆರೆಗಳ ನಡುವಿನ ಅಂತರ ಕಡಿಮೆ. ಉಬ್ಬರದ ಗೆರೆಯನ್ನೂ ಹುಡುಕಿದರು. ಅದು ಸಿಗಲಿಲ್ಲ, ಇಲ್ಲಿ ಉಬ್ಬರ ಇಳಿತ ಕಣ್ಣಿಗೆ ಕಾಣುವಷ್ಟು ಇರುವುದಿಲ್ಲ. ಮೀನಿನ ವಾಸನೆಯೂ ಇಲ್ಲ. ಅದು ಮಾತ್ರ ಅವರಿಗೆ ಸ್ವಲ್ಪ ಬೇಜಾರು ಅನ್ನಿಸಿತು.

ಮಧ್ಯಾಹ್ನ ಮರದ ನೆರಳಲ್ಲಿ ಚಿತ್ರಾನ್ನ, ಮೊಸರನ್ನ. ಆಮೇಲೆ ದಿಬ್ಬಗಳು.

ಈ ಪಾರ್ಕಿನ ಜೀವ ಅದರ ಹೊಯ್ಗೆ ದಿಬ್ಬಗಳಲ್ಲಿದೆ. ಜಾಕ್ಸನ್, ಹೋಲ್ಡನ್, ಟಾಮ್ ಅಂತ ಮೂರು ದೊಡ್ಡವು, 176, 184, 192 ಅಡಿ. ನಾನೂ ಮಗಳೂ ಮೊದಲೆರಡನ್ನು ಹತ್ತಿದೆವು. ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಹಿಂದಕ್ಕೆ ಜಾರುತ್ತದೆ, ಕೊನೆಗೆ ಮಗಳು ನಾಲ್ಕು ಕಾಲಲ್ಲಿ ಹತ್ತಿದಳು. ಮೌಂಟ್ ಟಾಮ್‌ಗೆ ಮರದ ಮೆಟ್ಟಿಲು ಇದೆ, ಹಾಗಾಗಿ ಅಪ್ಪನೂ ನಿಧಾನಕ್ಕೆ ಬಂದರು. ಆದರೆ ದಾರಿಯಲ್ಲೇ ಒಂದು ಕಡೆ ನಿಂತುಬಿಟ್ಟರು. ಅವರು ನೋಡುತ್ತಿದ್ದದ್ದು ಹುಲ್ಲು.

ಮ್ಯಾರಮ್ ಅನ್ನುವ ಹುಲ್ಲು ಅದು. ನೋಡೋಕೆ ಏನೂ ಇಲ್ಲ, ತೆಳ್ಳಗೆ, ಉದ್ದಕ್ಕೆ, ಗಾಳಿಗೆ ಬಾಗಿ ಹೊಯ್ಗೆ ಮೇಲೆ ತನ್ನ ಸುತ್ತ ಅರ್ಧ ವೃತ್ತ ಗೀಚಿತ್ತು. ಆದರೆ ಹೊಯ್ಗೆ ಬಂದು ಮುಚ್ಚಿದಷ್ಟೂ ಇದು ಮೇಲಕ್ಕೆ ಬೆಳೆಯುತ್ತದೆ, ಕೆಳಗೆ ಬೇರು ಬಲೆಯ ಹಾಗೆ ಹರಡಿ ದಿಬ್ಬವನ್ನು ಹಿಡಿದಿಡುತ್ತದೆ. ಅದು ಹಿಡಿದ ಜಾಗದಲ್ಲಿ ಪೊದೆ, ಆಮೇಲೆ ಪೈನ್, ಅದರಾಚೆ ಓಕ್ ಕಾಡು. ನೀರಿನ ಅಂಚಿನಿಂದ ಒಳಗೆ ನಡೆದರೆ ನೂರಾರು ವರ್ಷಗಳ ಕಥೆ ಸಾಲಾಗಿ ಕಾಣುತ್ತದೆ. ಹೆನ್ರಿ ಕೌಲ್ಸ್ ಅನ್ನುವ ಸಸ್ಯವಿಜ್ಞಾನಿ ಇದನ್ನೇ ನೋಡಿ 1899ರಲ್ಲಿ ಬರೆದದ್ದು ಪರಿಸರ ವಿಜ್ಞಾನಕ್ಕೇ ಒಂದು ಅಡಿಪಾಯ ಆಯಿತು.

ಅಪ್ಪ ಇದನ್ನೆಲ್ಲ ಕೇಳಿ, "ನಮ್ಮಲ್ಲೂ ನೇರಳೆ ಹೂವಿನ ಬಳ್ಳಿ ಇತ್ತಲ್ಲ, ಕಡಲ ಬದಿ ಇಡೀ" ಅಂದರು. ಇತ್ತು. ನಾನು ಸಣ್ಣವನಿದ್ದಾಗ ಆ ಬಳ್ಳಿ ಕಾಲಿಗೆ ತೊಡರಿ ಬೀಳುತ್ತಿದ್ದೆ. ಈಗ ಅಲ್ಲಿ ಕಡಲ್ಕೊರೆತಕ್ಕೆ ಅಂತ ಸುರಿದ ಕಲ್ಲುಗಳಿವೆ. ಮಳೆಗಾಲದಲ್ಲಿ ಕಲ್ಲು ಕುಸಿಯುತ್ತದೆ, ಮತ್ತೆ ಲಾರಿ ಬರುತ್ತದೆ.

ಇಲ್ಲಿಯವರೂ ಮೊದಲೇ ಬುದ್ಧಿವಂತರಾಗಿರಲಿಲ್ಲ. ಹತ್ತಿರದ ಮಿಷಿಗನ್ ಸಿಟಿಯಲ್ಲಿ ಹೂಸಿಯರ್ ಸ್ಲೈಡ್ ಅನ್ನುವ ದಿಬ್ಬ ಇತ್ತು, ಸುಮಾರು 200 ಅಡಿ, ಈ ಮೂರಕ್ಕಿಂತ ಎತ್ತರ. ಗಾಜಿನ ಜಾಡಿ ಮಾಡೋಕೆ, ತಗ್ಗು ತುಂಬೋಕೆ ಅಂತ ಅದರ ಮರಳನ್ನು ರೈಲಲ್ಲಿ ಸಾಗಿಸಿ ಸಾಗಿಸಿ 1920ರ ಹೊತ್ತಿಗೆ ದಿಬ್ಬವೇ ಇಲ್ಲ. ಉಳಿದದ್ದನ್ನಾದರೂ ಉಳಿಸಿ ಅಂತ ಜನ ಹಟ ಹಿಡಿದದ್ದರಿಂದ 1925ರಲ್ಲಿ ಈ ಪಾರ್ಕ್ ಆಯಿತು. ಈ ಮಾತಿಗೆ ಅಪ್ಪ ಏನೂ ಹೇಳಲಿಲ್ಲ. ಬಗ್ಗಿ ಹುಲ್ಲಿನ ಬುಡದಲ್ಲಿ ಬೆರಳಿಟ್ಟು ಎಷ್ಟು ಗಟ್ಟಿ ಇದೆ ನೋಡಿದರು, ಕೀಳಲಿಲ್ಲ.

ಮೇಲಿಂದ ಶಿಕಾಗೊದ ಕಟ್ಟಡಗಳು ನೀರಿನಾಚೆ ಬೆಂಕಿಕಡ್ಡಿಗಳ ಹಾಗೆ ಕಂಡವು. ಮಗಳು ನಮ್ಮ ಮನೆ ಎಲ್ಲಿ ಅಂತ ಹುಡುಕಿದಳು.

ಮನೆ ತಲುಪಿದಾಗ ರಾತ್ರಿ ಒಂಬತ್ತು. ಊರಲ್ಲಿ ಬೆಳಿಗ್ಗೆ ಏಳೂವರೆ. ಅಪ್ಪ ಕೈಕಾಲು ತೊಳೆಯುವ ಮೊದಲೇ ಚಿಕ್ಕಪ್ಪನಿಗೆ ಫೋನ್ ಮಾಡಿದರು. ಪಾರ್ಕಿನ ವಿಷಯ ಆಮೇಲೆ. ಮೊದಲು ಕೇಳಿದ್ದು, "ಕಡಲು ಎಲ್ಲಿವರೆಗೆ ಬಂತು?"

ಆಚೆಯಿಂದ ಮಳೆಯ ಸದ್ದು ಸ್ಪೀಕರಿನಲ್ಲಿ ನಮಗೆಲ್ಲ ಕೇಳುತ್ತಿತ್ತು. "ಪಡುಬದಿ ತೆಂಗಿನಮರ ಎರಡು ಹೋಯ್ತು ಅಣ್ಣ" ಅಂದರು ಚಿಕ್ಕಪ್ಪ.