ಸೆಲ್ಫ್ ತಿರುಗಿತು, ಗಾಡಿ ಏಳಲಿಲ್ಲ

ಬೆಳಗಿನ ಜಾವ ಐದೂವರೆ. ಮುಂದಿನ ಗಾಜಿನ ತುಂಬಾ ಮಂಜು ಹೆಪ್ಪುಗಟ್ಟಿತ್ತು. ಏಳಕ್ಕೆಲ್ಲಾ ಲೋಡಿಗೆ ನಿಲ್ಲಬೇಕಿತ್ತು. ಕೀ ತಿರುಗಿಸಿ, ಸಿಲಿಂಡರ್ ಒಳಗೆ ಬಿಸಿ ಕೊಡುವ ಹೀಟರ್ ಪ್ಲಗ್‌ಗಳ ಲೈಟ್ ಆರುವವರೆಗೆ ಕಾದು ಸೆಲ್ಫ್ ಹೊಡೆದೆ. ಇಂಜಿನ್ ತಿರುಗಿತು, ಆದರೆ ಹಿಡಿಯಲಿಲ್ಲ. ಮೂಟೆ ಹೊತ್ತವರು ಮೆಟ್ಟಿಲು ಹತ್ತುವ ಹಾಗೆ, ಒಂದೊಂದು ಸುತ್ತಿಗೂ ತಿಣುಕುತ್ತಿತ್ತು.

ಎರಡು ವಾರದಿಂದ ಹೀಗೇ. ಮಧ್ಯಾಹ್ನ ಅರ್ಧ ಸೆಲ್ಫಿಗೇ ಏಳುವ ಗಾಡಿ ಬೆಳಿಗ್ಗೆ ಮಾತ್ರ ಸತಾಯಿಸುತ್ತಿತ್ತು. ಬ್ಯಾಟರಿ ಹೋಗಿದೆ ಅಂದುಕೊಂಡು ಹೊಸದನ್ನೇ ಹಾಕಿಸಿದ್ದೆ. ಅದು ಬಂದು ಇನ್ನೂ ಆರು ದಿನ. ಮತ್ತೆ ಅದೇ ಕಥೆ ಅಂದರೆ ಹೊಟ್ಟೆ ಉರಿಯದೇ ಇರುತ್ತದಾ?

ಹದಿನೈದು ಸೆಕೆಂಡ್ ಹೊಡೆಯುವುದು, ಎರಡು ನಿಮಿಷ ಬಿಡುವುದು. ಬಿಡದೆ ಹೊಡೆದರೆ ಸೆಲ್ಫ್ ಮೋಟಾರ್ ಸುಟ್ಟುಹೋಗುತ್ತದೆ. ಪಕ್ಕದಲ್ಲಿ ಗಾಡಿ ನಿಲ್ಲಿಸಿದ್ದವರು ಸ್ಟಾರ್ಟಿಂಗ್ ಸ್ಪ್ರೇ ಡಬ್ಬಿ ಹಿಡಿದು ಬಂದರು. ಒಳ್ಳೆ ಮನಸ್ಸಿನಿಂದಲೇ ತಂದಿದ್ದರು, ಆದರೂ ಬೇಡ ಅಂದೆ. ಅದರಲ್ಲಿರುವುದು ಈಥರ್, ಥಟ್ಟನೆ ಹೊತ್ತಿಕೊಳ್ಳುವ ದ್ರವ. ಹೀಟರ್ ಪ್ಲಗ್ ಇರುವ ಇಂಜಿನ್‌ಗೆ ಅದನ್ನು ಹೊಡೆದರೆ, ಕಾದ ಪ್ಲಗ್ ತಾಗಿ ಪಿಸ್ಟನ್ ಮೇಲೆ ಬರುವ ಮೊದಲೇ ಬೆಂಕಿ ಹತ್ತಬಹುದು. ಪಿಸ್ಟನ್ ಒಡೆದರೆ ಅಲ್ಲಿಗೆ ಮುಗಿಯಿತು.

ಪರಿಚಯದ ಮೆಕ್ಯಾನಿಕ್ ಒಬ್ಬರಿಗೆ ಫೋನ್ ಮಾಡಿದೆ. ಅವರು ಬ್ಯಾಟರಿ ಸುದ್ದಿಯನ್ನೇ ಎತ್ತಲಿಲ್ಲ.

"ಸೆಲ್ಫ್ ಹೊಡೆದಾಗ ಸೈಲೆನ್ಸರ್‌ನಲ್ಲಿ ಹೊಗೆ ಬರ್ತಿದೆಯಾ?"

"ಬರ್ತಿದೆ ಅಣ್ಣಾ. ಬೆಳ್ಳಗೆ. ಕಣ್ಣು ಉರಿಯುತ್ತೆ."

"ಹಾಗಾದ್ರೆ ಡೀಸೆಲ್ ಬರ್ತಿದೆ, ಉರೀತಿಲ್ಲ. ಫಿಲ್ಟರ್ ಬಿಚ್ಚೋಕೆ ಹೋಗ್ಬೇಡ."

ಈ ಒಂದು ಪ್ರಶ್ನೆಯಿಂದ ಅರ್ಧ ಕೆಲಸ ಮುಗಿದಿತ್ತು. ಹೊಗೆಯೇ ಇಲ್ಲ ಅಂದರೆ ಡೀಸೆಲ್ ಸಿಲಿಂಡರ್‌ವರೆಗೆ ಬರುತ್ತಿಲ್ಲ ಅಂತ. ಚಳಿಗೆ ಡೀಸೆಲ್‌ನಲ್ಲಿರುವ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟಿರಬಹುದು, ನೀರು ಹೆಪ್ಪುಗಟ್ಟಿರಬಹುದು, ಇಲ್ಲಾ ಪೈಪಿನಲ್ಲಿ ಏರ್ ಹಿಡಿದಿರಬಹುದು. ಬಿಳಿ ಹೊಗೆ ಬಂದರೆ ಡೀಸೆಲ್ ಉರಿಯದೆ ಹಾಗೇ ಆವಿಯಾಗಿ ಹೊರಗೆ ಹೋಗುತ್ತಿದೆ. ಮನಸ್ಸಿನ ಸಮಾಧಾನಕ್ಕೆ ಫಿಲ್ಟರ್ ಕೆಳಗಿನ ಗಾಜಿನ ಬಟ್ಟಲಿಗೆ ಟಾರ್ಚ್ ಬಿಟ್ಟು ನೋಡಿದೆ. ಡೀಸೆಲ್ ತಿಳಿಯಾಗಿಯೇ ಇತ್ತು.

ಮೀಟರ್ ತೆಗೆದೆ. ಬ್ಯಾಟರಿ ಸುಮ್ನೆ ಇದ್ದಾಗ 12.6 ವೋಲ್ಟ್. ಒಬ್ಬರಿಂದ ಸೆಲ್ಫ್ ಹೊಡೆಸಿ ಬ್ಯಾಟರಿ ಟರ್ಮಿನಲ್‌ನಲ್ಲಿ ನೋಡಿದೆ, 10.9. ಚಳಿಯಲ್ಲಿ ಅಷ್ಟು ಇಳಿಯುವುದು ಸಹಜ. ಅದನ್ನೇ ಸೆಲ್ಫ್ ಮೋಟಾರ್ ಹತ್ತಿರ ನೋಡಿದರೆ 9.2! ನಡುವೆ 1.7 ವೋಲ್ಟ್ ಎಲ್ಲಿಗೆ ಹೋಯಿತು? ಪ್ಲಸ್ ಕೇಬಲ್‌ನಲ್ಲಿ 0.2 ಮಾತ್ರ. ಬ್ಯಾಟರಿ ಮೈನಸ್ ಟರ್ಮಿನಲ್‌ಗೆ ಮೀಟರಿನ ಒಂದು ಕಡ್ಡಿ, ಇಂಜಿನ್ ಬಾಡಿಗೆ ಇನ್ನೊಂದು ಕಡ್ಡಿ ಇಟ್ಟು ಮತ್ತೆ ಹೊಡೆಸಿದೆ. 1.5. ಅಲ್ಲಿ ಅರ್ಧ ವೋಲ್ಟ್ ಕೂಡ ದಾಟಬಾರದು.

ಗಾಡಿ ಕೆಳಗೆ ಮಲಗಿ, ಬ್ಯಾಟರಿ ಮೈನಸ್ಸನ್ನು ಚಾಸಿಸ್‌ಗೆ ಸೇರಿಸುವ ಅರ್ತ್ ಕೇಬಲ್ ಹುಡುಕಿದೆ. ಚಾಸಿಸ್‌ಗೆ ಕೂರುವ ಬೋಲ್ಟ್ ಮೇಲಿಂದ ಗಟ್ಟಿಯಾಗಿತ್ತು, ಕೈಯಲ್ಲಿ ಅಲ್ಲಾಡಿಸಿದರೆ ಅಲುಗಲಿಲ್ಲ. ಬಿಚ್ಚಿದೆ. ಕೇಬಲ್ ತುದಿಯ ತಾಮ್ರದ ಲಗ್ ಕೆಳಗೆ ಹಸಿರು ಪುಡಿ, ಚಾಸಿಸ್ ಮೇಲೆ ತುಕ್ಕಿನ ಹಕ್ಕಳೆ. ನಡುವೆ ಉಗುರಿನಷ್ಟು ಜಾಗ ಮಾತ್ರ ಹೊಳೆಯುತ್ತಿತ್ತು. ಸೆಲ್ಫ್ ಎಳೆಯುವ ಅಷ್ಟೂ ಕರೆಂಟ್ ಅಷ್ಟರಲ್ಲೇ ನುಸುಳಬೇಕಿತ್ತು. ಎಮರಿ ಹಾಳೆಯಿಂದ ಎರಡೂ ಕಡೆ ಲೋಹ ಹೊಳೆಯುವವರೆಗೆ ಉಜ್ಜಿದೆ. ಬೆರಳು ಚಳಿಗೆ ಮರಗಟ್ಟಿದ್ದವು. ಮತ್ತೆ ಬಿಗಿದು ಅಳೆದಾಗ 1.5 ಇದ್ದದ್ದು 0.2ಕ್ಕೆ ಇಳಿದಿತ್ತು.

ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಇಲ್ಲ. ಗಾಳಿಯನ್ನು ಸುಮಾರು 20ರಲ್ಲಿ 1 ಪಾಲಿಗೆ ಹಿಸುಕಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಆ ಹಿಸುಕುವ ಕೆಲಸ ಬೇಗ ಆಗಬೇಕು. ನಿಧಾನವಾದರೆ ಗಾಳಿ ಪಿಸ್ಟನ್ ರಿಂಗ್ ಸಂದಿಯಲ್ಲಿ ಸೋರುತ್ತದೆ, ಬಿಸಿಯನ್ನು ತಣ್ಣಗಿನ ಸಿಲಿಂಡರ್ ಗೋಡೆ ಹೀರಿಬಿಡುತ್ತದೆ. ಸೆಲ್ಫ್ ತಿರುಗುತ್ತಿದೆ ಅಂತ ನಾನು ಅಷ್ಟು ದಿನ ಅದರ ಕಡೆ ನೋಡಿರಲೇ ಇಲ್ಲ. ಎಷ್ಟು ಜೋರಾಗಿ ತಿರುಗುತ್ತಿದೆ ಅಂತ ಕಿವಿಗೊಡಬೇಕಿತ್ತು.

ಈಗ ಸೆಲ್ಫಿನ ಸದ್ದೇ ಬೇರೆ. ನಾಲ್ಕನೇ ಸೆಕೆಂಡಿಗೆ ಇಂಜಿನ್ ಹಿಡಿಯಿತು. ಆದರೆ ಒಂದು ಕಾಲು ಕುಂಟುವ ಹಾಗೆ ತಡವರಿಸಿ ಓಡಿತು, ಬಿಳಿ ಹೊಗೆ ಇನ್ನೂ ಬರುತ್ತಲೇ ಇತ್ತು. ಒಂದೂವರೆ ನಿಮಿಷದ ಮೇಲೆ ಸರಿಹೋಯಿತು. ಅವತ್ತಿನ ಲೋಡಿಗೆ ತಡವಾಗಿ ಹೋದೆ, ಬೈಸಿಕೊಂಡೆ. ಇರಲಿ.

ಸಂಜೆ ಹೀಟರ್ ಪ್ಲಗ್‌ಗಳನ್ನು ನೋಡಿದೆ. ನಾಲ್ಕಕ್ಕೂ ಕರೆಂಟ್ ಹಂಚುವ ಲೋಹದ ಪಟ್ಟಿಯನ್ನು ಮೊದಲು ಬಿಚ್ಚಲೇಬೇಕು. ಇಲ್ಲದಿದ್ದರೆ ಒಂದು ಸತ್ತಿದ್ದರೂ ಉಳಿದವುಗಳ ಲೆಕ್ಕ ಮೀಟರಿಗೆ ಬರುತ್ತದೆ, ಎಲ್ಲಾ ಚೆನ್ನಾಗಿದೆ ಅನ್ನಿಸುತ್ತದೆ. ಮೂರು ಪ್ಲಗ್ ಒಂದು ಓಮ್‌ಗಿಂತ ಸ್ವಲ್ಪ ಕಡಿಮೆ ತೋರಿಸಿದವು. ಮೂರನೇ ಸಿಲಿಂಡರಿನದು ಏನೂ ತೋರಿಸಲಿಲ್ಲ, ಒಳಗಿನ ತಂತಿ ತುಂಡಾಗಿತ್ತು. ಡ್ಯಾಶ್‌ಬೋರ್ಡಿನ ಹೀಟರ್ ಲೈಟ್ ಮಾತ್ರ ದಿನಾ ಸರಿಯಾಗಿ ಹತ್ತಿ ಆರುತ್ತಿತ್ತು. ಅದು ಲೆಕ್ಕ ಹಾಕುವುದು ಸಮಯವನ್ನು, ಪ್ಲಗ್ ಕಾದಿದೆಯಾ ಅಂತ ಅದಕ್ಕೆ ಗೊತ್ತಿಲ್ಲ.

ಇಂಜಿನ್ ಬಿಸಿ ಇರುವಾಗಲೇ ಹಳೇ ಪ್ಲಗ್ ಬಿಚ್ಚಿದೆ. ತಣ್ಣಗಿದ್ದಾಗ ಬಲ ಹಾಕಿದರೆ ಅದು ಒಳಗೇ ಮುರಿದುಕೊಳ್ಳಬಹುದು, ಆಮೇಲೆ ಇಂಜಿನ್ ಹೆಡ್ ಇಳಿಸುವವರೆಗೂ ಹೋಗಬಹುದು. ಸ್ಪ್ಯಾನರ್ ಹಿಡಿದು ಕಾಲು ಸುತ್ತು ಬಿಚ್ಚಿ, ಸ್ವಲ್ಪ ಹಿಂದಕ್ಕೆ ಬಿಗಿದು, ಮತ್ತೆ ಬಿಚ್ಚಿ ಹೊರತೆಗೆದೆ. ತುದಿ ಊದಿಕೊಂಡು ಕಪ್ಪಾಗಿತ್ತು.

ಮರುದಿನವೂ ಗಾಜಿನ ಮೇಲೆ ಅದೇ ಮಂಜು. ಹೀಟರ್ ಲೈಟ್ ಆರಿದ ಮೇಲೆ ಸೆಲ್ಫ್ ಹೊಡೆದೆ. ಎರಡನೇ ಸೆಕೆಂಡಿಗೆ ನಾಲ್ಕೂ ಸಿಲಿಂಡರ್ ಒಟ್ಟಿಗೆ ಹಿಡಿದವು. ಸೈಲೆನ್ಸರ್‌ನಿಂದ ಒಂದು ಬುಸ್ಸೆಂದು ಬಿಳಿ ಹೊಗೆ ಬಂತು, ಆಮೇಲೆ ಏನೂ ಇಲ್ಲ. ಇಳಿದು ಹೋಗಿ ಅರ್ತ್ ಬೋಲ್ಟ್ ಮುಟ್ಟಿ ನೋಡಿದೆ, ಜೋಡಣೆ ಸರಿಯಿಲ್ಲದಿದ್ದರೆ ಅದು ಬಿಸಿಯಾಗುತ್ತದೆ. ತಣ್ಣಗೇ ಇತ್ತು.